ಎರಡು ಅಂಕದ ಪ್ರಶ್ನೆ

ಹಲಗೆಯ ಮೇಲೆ ಎಂಟು ಚುಕ್ಕಿ ಇಟ್ಟೆ.
"ಗಂಧಕ. ಒಂದೊಂದೂ ಎರಡು ಕೈ ಚಾಚಿ
ಅಕ್ಕಪಕ್ಕದವರನ್ನು ಹಿಡಿದಿದೆ. ಎಂಟಕ್ಕೆ ಬಳೆ ಮುಚ್ಚಿತು.
ದುಂಡು ಬಳೆಯಲ್ಲ, ಒಂದು ಮೇಲೆ ಒಂದು ಕೆಳಗೆ,
ಪುಸ್ತಕದವರು ಕಿರೀಟ ಅಂತಾರೆ."
ಹಿಂದಿನ ಬೆಂಚು ಕಿಸಕ್ಕೆಂದಿತು.
ಲಿಚಿನ್ ಊರಲ್ಲಿ ಗಂಧಕವನ್ನು
ತಲೆಯ ಮೇಲಿಟ್ಟುಕೊಂಡವರಿಲ್ಲ,
ಎಲ್ಲರದೂ ಹೆಗಲು.

ನನ್ನಪ್ಪ ಮಿಸ್ನಾದಿ ನಡುರಾತ್ರಿ ಒಂದಕ್ಕೆ ಏಳುತ್ತಿದ್ದ.
ಇಜೆನ್ ಬೆಟ್ಟ ಹತ್ತಿ, ಅದರ ಬಾಯೊಳಗೆ ಇಳಿದು,
ನೀಲಿ ಉರಿಯ ಪಕ್ಕ ಕಾಯುತ್ತಿದ್ದ.
ಕೊಳವೆಯಿಂದ ಬೀಳುವಾಗ ಅದು ಕೆಂಪು,
ಬೆಲ್ಲದ ಪಾಕದ ಹಾಗೆ ಎಳೆ ಎಳೆ.
"ಕೆಂಪಿರುವಾಗ ಮುಟ್ಟಬೇಡ ಮಗಳೇ, ಹಳದಿಯಾಗಲಿ,
ಆಮೇಲೆ ಹಾರೆ ಹಾಕು."
ಕಾವಿಗೆ ಬಳೆ ಒಡೆಯುತ್ತವೆ,
ಒಡೆದ ತುದಿಗಳು ಸಿಕ್ಕಿದ್ದನ್ನು ಹಿಡಿದು ಸರಪಳಿಯಾಗುತ್ತವೆ,
ಆರಿದರೆ ಮತ್ತೆ ಎಂಟೆಂಟಾಗಿ ಬಳೆಗೆ ಕೂಡುತ್ತವೆ.
ಇದನ್ನು ನಾನು ಕಲಿತದ್ದು ಜೆಂಬರ್‌ನ ಕಾಲೇಜಿನಲ್ಲಿ,
ಎರಡು ವರ್ಷದ ಫೀಸು ಕಟ್ಟಿ.

ಹಂಚಿಕೊಳ್ಳುತ್ತವೆ ಅಂತ ಬರೆದಿದೆ ಪಠ್ಯದಲ್ಲಿ:
ಎರಡು ಪರಮಾಣು, ನಡುವೆ ಒಂದು ಜೋಡಿ ಎಲೆಕ್ಟ್ರಾನು.
ಓದುವಾಗ ಪ್ರತಿಸಲ ಗಂಟಲು ಹಿಡಿಯುತ್ತದೆ.
ಅಪ್ಪನ ಬಿದಿರ ಬುಟ್ಟಿ ಎರಡು, ನಡುವೆ ಒಂದು ದಡಿ,
ತೂಕದ ಕಟ್ಟೆಯಲ್ಲಿ ಎಂಬತ್ತೆರಡು ಕಿಲೋ.
ಅಲ್ಲಿ ಹಂಚಿಕೊಂಡವರು ಯಾರೂ ಇರಲಿಲ್ಲ.
ಇರಲಿ. ಪರಮಾಣುವಿಗೆ ಸಂಬಳವಿಲ್ಲ,
ನಾನು ಹೋಲಿಕೆ ಕಟ್ಟುವುದನ್ನು ಬಿಡಬೇಕು.

ನಮ್ಮ ಮಾತಿನಲ್ಲಿ ಹುಣಸೆಗೂ ಆಮ್ಲಕ್ಕೂ ಒಂದೇ ಹೆಸರು, ಆಸಾಮ್.
ಹಾಗಾಗಿ ಪಾಠ ಅರ್ಧ ಸುಲಭ.
ಬೇಲಿಯ ಶಂಖಪುಷ್ಪ ಕುದಿಸಿ ತಂದಿದ್ದೆ, ಕಡುನೀಲಿ ನೀರು.
ಹುಣಸೆ ಹಿಂಡಿದೆವು: ನೇರಳೆ.
ಬೆಟ್ಟದ ಹಸಿರು ಕೆರೆಯ ನೀರು ಒಂದೇ ಹನಿ: ದಾಸವಾಳದ ಕೆಂಪು.
"ಆಮ್ಲ ಕೊಡುಗೈ," ಅಂದೆ,
"ತನ್ನ ಪ್ರೋಟಾನನ್ನು ಸಿಕ್ಕಿದ ನೀರಿಗೆಲ್ಲ ದಾಟಿಸುತ್ತದೆ,
ಬೇಡವೆಂದರೂ."
ತೋರಿಕ್ ಕೇಳಿದ: "ಹಲ್ಲಿಗೂ ಕೊಡುತ್ತದಾ ಟೀಚರ್?"
ಅವನ ಚಿಕ್ಕಪ್ಪ ಬೆಟ್ಟದ ಆಳು. ನಕ್ಕರೆ
ಮುಂದಿನ ನಾಲ್ಕು ಹಲ್ಲು ಬೆಲ್ಲದ ಚೂರಿನಂತೆ ಕರಗಿ ಕೂತಿವೆ.
"ಕೊಡುತ್ತದೆ," ಅಂದೆ.

ಆಗ ಅವನು ಚೀಲದಿಂದ ಒಂದು ಬಟ್ಟೆ ತೆಗೆದ.
ಹೊಗೆಗೆ ಅಡ್ಡವಾಗಿ ಆಳುಗಳು ಕಚ್ಚಿಕೊಳ್ಳುವ ಒದ್ದೆ ಬಟ್ಟೆ,
ಹಲ್ಲಿನ ಗುರುತಿತ್ತು ಅದರಲ್ಲಿ.
ಯಾರೂ ಕೇಳಿರಲಿಲ್ಲ. ನೀಲಿ ನೀರಿಗೆ ಅದ್ದಿದ.
ಬಟ್ಟೆಯ ನಡುವಿನಿಂದ ನಿಧಾನವಾಗಿ
ಗುಲಾಬಿ ಹರಡಿತು,
ಬಾಯಿ ಇದ್ದ ಜಾಗದಿಂದ.
ತರಗತಿಯಲ್ಲಿ ಮೂವತ್ತೊಂದು ಮಕ್ಕಳು, ಒಂದು ಕೆಮ್ಮೂ ಇಲ್ಲ.

ಅಮ್ಮ ಇಂಥ ಬಟ್ಟೆಗಳನ್ನು ಬೂದಿನೀರಿನಲ್ಲಿ ನೆನೆಸುತ್ತಿದ್ದಳು,
ವಾಸನೆ ಹೋಗಲಿ ಅಂತ. ಕ್ಷಾರ ಅನ್ನೋ ಪದ
ಅವಳ ಮನೆಗೆ ಬಂದದ್ದು ನಾನು ತಂದಾಗ.
"ಬೂದಿಗೆ ಅಷ್ಟು ದೊಡ್ಡ ಹೆಸರಾ?" ಅಂದು
ಮತ್ತೆ ಒಲೆ ಕೆದಕಲು ಹೋದಳು.

ಶನಿವಾರ ಪರೀಕ್ಷೆ. ಐದನೆಯ ಪ್ರಶ್ನೆ, ಎರಡು ಅಂಕ:
ಸಲ್ಫರ್ ಡೈಆಕ್ಸೈಡ್ ಅಣುವಿನ ಆಕಾರವೇನು? ಕಾರಣ ಕೊಡಿ.
ತೋರಿಕ್‌ನ ಉತ್ತರ, ಪೆನ್ಸಿಲಿನಲ್ಲಿ:
"ಬಾಗಿದೆ. ಮೇಲೆ ಕಾಣದ ಭಾರ ಕೂತಿದೆ,
ಅದು ಎರಡೂ ಕಡೆಯ ಬುಟ್ಟಿಗಳನ್ನು ಕೆಳಗೆ ಒತ್ತುತ್ತದೆ."
ಒಂಟಿ ಜೋಡಿ ಎಂದು ಬರೆದಿಲ್ಲ.
ಕೋನ ನೂರ ಹತ್ತೊಂಬತ್ತು ಎಂದೂ ಬರೆದಿಲ್ಲ.
ಕೆಂಪು ಪೆನ್ನು ಹಿಡಿದು ಕೂತಿದ್ದೇನೆ,
ದೀಪದ ಎಣ್ಣೆ ಮುಗಿಯುತ್ತ ಬಂತು,
ಮೇಲೆ ದಾರಿಯಲ್ಲಿ ಆಗಲೇ ಟಾರ್ಚುಗಳು.
ಒಂದೂವರೆ ಬರೆದೆ.
ಹೊಡೆದು ಹಾಕಿದೆ.